ಗಾಯದ ಲೆಕ್ಕ: ಗಣಕಕ್ಕೆ ಏನೇನು ತಿಳಿದಿರಬೇಕು?

ಶಿಕಾರಿಪುರ, ಸೊರಬ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬಳ್ಳಿಗಾವೆಯ ಗುಡಿಗಳು, ತಾಳಗುಂದದ ಶಾಸನಸ್ತಂಭ, ಚಂದ್ರಗುತ್ತಿಯ ಬೆಟ್ಟ. ಇಲ್ಲಿಯೇ ಬಾಳುವ ನಮ್ಮ ಕಿವಿಗೆ ದಿನವೂ ಬೀಳುವ ಸದ್ದುಗಳು ಬೇರೆ. ಅಕ್ಕಿ ಗಿರಣಿಯ ಬೆಲ್ಟಿನ ಸದ್ದು, ಮರದ ಮಿಲ್ಲಿನ ಗರಗಸದ ಸದ್ದು, ಸುಗ್ಗಿಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರದ ಸದ್ದು, ಕೊಯ್ಲಿನ ಕಾಲದಲ್ಲಿ ಅಡಕೆ ಸುಲಿಯುವ ಯಂತ್ರದ ಸದ್ದು. ಈ ಸದ್ದುಗಳಿಂದಲೇ ನಮ್ಮ ಊರುಗಳಿಗೆ ಅನ್ನ. ಆದರೆ ಒಂದೊಂದು ದಿನ ಆ ಸದ್ದು ನಡುವೆಯೇ ನಿಂತುಬಿಡುತ್ತದೆ. ಯಾರದೋ ಬೆರಳು ಸಿಕ್ಕಿಕೊಂಡಿತಂತೆ, ಕೊನೆಗಾರನೊಬ್ಬ ಮರದಿಂದ ಬಿದ್ದನಂತೆ, ದೋಟಿ ವಿದ್ಯುತ್ ತಂತಿಗೆ ತಗುಲಿತಂತೆ ಎಂಬ ಮಾತು ಪೇಟೆಯಲ್ಲೆಲ್ಲ ಹಬ್ಬುತ್ತದೆ. ಗಾಯಗೊಂಡವನನ್ನು ಆಸ್ಪತ್ರೆಗೆ ಒಯ್ಯುತ್ತಾರೆ. ಧಣಿಗಳು ಅಂದಿನ ಖರ್ಚು ಕೊಡುತ್ತಾರೆ. ಎರಡು ದಿನ ಎಲ್ಲರೂ ಅಯ್ಯೋ ಎನ್ನುತ್ತಾರೆ. ಮೂರನೆಯ ದಿನ ಯಂತ್ರ ಮತ್ತೆ ತಿರುಗುತ್ತದೆ. ಆರು ತಿಂಗಳು ಕಳೆದು ಅವನ ಹೆಂಡತಿ ಪರಿಹಾರ ಕೇಳಲು ಕಚೇರಿಯ ಬಾಗಿಲಿಗೆ ಬಂದಾಗ ಎದುರಾಗುವ ಮೊದಲ ಪ್ರಶ್ನೆ ಒಂದೇ: ‘ಬರವಣಿಗೆಯಲ್ಲಿ ಏನಿದೆಯಮ್ಮಾ?’

ಆ ಬರವಣಿಗೆಯ ವಿಷಯವನ್ನೇ ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ದೊಡ್ಡ ಕಾರ್ಖಾನೆಗಳಲ್ಲಿ ಈಗ ಕೆಲಸದ ಸ್ಥಳದ ಸುರಕ್ಷತೆ, ಅಪಘಾತ, ಪರಿಹಾರ ಈ ಮೂರರ ಲೆಕ್ಕವನ್ನೂ ಗಣಕಯಂತ್ರವೇ ಇಡುತ್ತದೆ. ಅದಕ್ಕೆಂದೇ ಸಿದ್ಧಪಡಿಸಿದ ತಂತ್ರಾಂಶಗಳಿವೆ. ಅವು ಮೆಲ್ಲಮೆಲ್ಲನೆ ಸಣ್ಣ ಊರುಗಳ ಗಿರಣಿ, ಗೋದಾಮುಗಳಿಗೂ ಬರುತ್ತಿವೆ. ಗಿರಣಿ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ತಂತ್ರಾಂಶದ ಇಂಗ್ಲಿಷ್ ಪದಗಳಿಗೆ ಕನ್ನಡ ಹಾಕಿಕೊಡಿರೆಂದು ಕೇಳಿದ. ಪದ ಹುಡುಕಲು ಕುಳಿತಾಗ ತಿಳಿಯಿತು, ಪದಕ್ಕಿಂತ ಮೊದಲು ಅರ್ಥವನ್ನು ಹುಡುಕಬೇಕು. ಅರ್ಥಕ್ಕಿಂತ ಮೊದಲು, ಇಂಥ ಲೆಕ್ಕ ಯಾರಿಗಾಗಿ ಎಂಬುದನ್ನು ತಿಳಿಯಬೇಕು ಎಂದು.

ಈ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಶಿಕಾರಿಪುರದ ಶಾಸನಗಳನ್ನೂ ೧೯೦೪ರಲ್ಲಿ ಸೊರಬದ ಶಾಸನಗಳನ್ನೂ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅವುಗಳಲ್ಲಿ ವೀರಗಲ್ಲುಗಳು ಹೇರಳವಾಗಿವೆ. ಒಂದು ವೀರಗಲ್ಲನ್ನು ಓದಿ ನೋಡಿ. ಯಾವ ವರ್ಷ, ಯಾವ ತಿಂಗಳು, ಯಾವ ತಿಥಿ, ಯಾವ ಅರಸು ಆಳುತ್ತಿದ್ದಾಗ, ಯಾವ ಊರಲ್ಲಿ, ತುರುಗೊಳ್ಳುವಾಗಲೋ ಊರಳಿವಿನಲ್ಲೋ, ಯಾರ ಪರವಾಗಿ ಹೋರಿ ಯಾರು ಸತ್ತನು ಎಂಬುದನ್ನು ಒಂದೊಂದಾಗಿ ಹೇಳುತ್ತದೆ. ಎಷ್ಟೋ ಕಲ್ಲುಗಳಲ್ಲಿ, ಸತ್ತವನ ಮನೆಯವರಿಗೆ ಏನು ಕೊಟ್ಟರೆಂಬುದೂ ಇರುತ್ತದೆ. ಹೀಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ ಎಂದರ್ಥ. ಕಡೆಯಲ್ಲಿ, ಈ ಕೊಡುಗೆಯನ್ನು ಅಳಿದವನಿಗೆ ಇಂಥಿಂಥ ಪಾಪ ತಟ್ಟಲೆಂಬ ಶಾಪವಾಕ್ಯವೂ ಉಂಟು. ಗಾಯಗೊಂಡವರ, ರೋಗಿಗಳ ಆರೈಕೆಗೂ ಇಲ್ಲಿ ಹಳೆಯ ಸಾಕ್ಷಿಯಿದೆ: ಬಳ್ಳಿಗಾವೆಯ ಕೋಡಿಮಠವು ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವಾಗಿತ್ತೆಂದು ೧೧೬೨ರ ಶಾಸನ ಹೇಳುತ್ತದೆ.

ವೀರಗಲ್ಲು ಯುದ್ಧದ ಕಥೆ, ಗಿರಣಿಯದು ಕೂಲಿಯ ಕಥೆ, ಎರಡಕ್ಕೂ ಎಲ್ಲಿಯ ಸಂಬಂಧ ಎನ್ನಬಹುದು. ಸಾವಿನ ಕಾರಣ ಬೇರೆ, ನಿಜ. ಆದರೆ ಬರವಣಿಗೆಯ ಲಕ್ಷಣ ಒಂದೇ. ಯಾರು, ಎಂದು, ಎಲ್ಲಿ, ಯಾರ ಕೆಲಸದಲ್ಲಿ, ಹೇಗೆ, ಯಾರಿಗೆ ಏನು ಸಲ್ಲಬೇಕು, ಇವಿಷ್ಟೂ ಇರಬೇಕು; ಬರೆದದ್ದನ್ನು ಮುಂದೆ ಯಾರೂ ಅಳಿಸಬಾರದು. ಗಣಕದ ತಂತ್ರಾಂಶಕ್ಕೂ ಇದೇ ಅಳತೆಗೋಲು.

ಈಗ ಕಾಯಿದೆಯ ಕಡೆ ತಿರುಗೋಣ. ಕೆಲಸದಲ್ಲಿ ಪೆಟ್ಟಾದವರಿಗೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾಯಿದೆ ಭಾರತದಲ್ಲಿ ೧೯೨೩ರಲ್ಲಿ ಆಯಿತು. ಇದರ ತಿರುಳು ಬಹಳ ಸರಳ. ಮಾಲೀಕನ ತಪ್ಪಿದೆಯೇ ಇಲ್ಲವೇ ಎಂದು ಅದು ಕೇಳುವುದಿಲ್ಲ. ಕೆಲಸದಿಂದಾಗಿ, ಕೆಲಸದ ನಡುವೆ ಅಪಘಾತವಾಯಿತೇ ಎಂದಷ್ಟೇ ಕೇಳುತ್ತದೆ. ೧೯೪೮ರಲ್ಲಿ ಕಾರ್ಖಾನೆಗಳ ಕಾಯಿದೆ, ನೌಕರರ ರಾಜ್ಯ ವಿಮಾ ಕಾಯಿದೆ ಎರಡೂ ಬಂದವು. ವಿಮಾ ಯೋಜನೆಯನ್ನು ೧೯೫೨ರ ಫೆಬ್ರವರಿ ೨೪ರಂದು ಕಾನಪುರದಲ್ಲಿ ನೆಹರೂ ಅವರು ಆರಂಭಿಸಿದರು. ೨೦೨೦ರಲ್ಲಿ ಪಾರ್ಲಿಮೆಂಟು ಇವೇ ಮೊದಲಾದ ಹಲವು ಕಾಯಿದೆಗಳನ್ನು ಸಾಮಾಜಿಕ ಭದ್ರತಾ ಸಂಹಿತೆ, ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಮುಂತಾದ ಸಂಹಿತೆಗಳೊಳಗೆ ಸೇರಿಸಿತು. ಆ ಸಂಹಿತೆಗಳು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿವೆ. ಪರಿಹಾರದ ಲೆಕ್ಕದ ಚೌಕಟ್ಟು ಮಾತ್ರ ಬಹುಮಟ್ಟಿಗೆ ಹಳೆಯದೇ.

ಒಂದು ಲೆಕ್ಕ ಹಾಕಿ ನೋಡೋಣ. ನಲವತ್ತು ವರ್ಷದ ಒಬ್ಬ ಕೆಲಸಗಾರ. ತಿಂಗಳ ಸಂಬಳ ೧೨,೦೦೦ ರೂಪಾಯಿ. ಯಂತ್ರಕ್ಕೆ ಸಿಕ್ಕಿ ಹೆಬ್ಬೆರಳು ಹೋಯಿತೆಂದು ಭಾವಿಸಿ. ಕಾಯಿದೆಯ ಅನುಸೂಚಿಯಲ್ಲಿ ಪ್ರತಿಯೊಂದು ವಯಸ್ಸಿಗೂ ಒಂದು ಗುಣಕವನ್ನು ಕೊಟ್ಟಿದೆ. ನಲವತ್ತಕ್ಕೆ ಅದು ೧೮೪.೧೭. ಪೂರ್ಣವಾಗಿ, ಶಾಶ್ವತವಾಗಿ ದುಡಿಯಲಾರದಂತಾದರೆ ಸಂಬಳದ ನೂರಕ್ಕೆ ಅರವತ್ತು ಭಾಗವನ್ನು ಈ ಗುಣಕದಿಂದ ಗುಣಿಸಬೇಕು. ೭,೨೦೦ನ್ನು ೧೮೪.೧೭ರಿಂದ ಗುಣಿಸಿದರೆ ೧೩,೨೬,೦೨೪. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ ಮೂವತ್ತರಷ್ಟು ಹೋದಂತೆ ಎಂದು ಅನುಸೂಚಿ ಹೇಳುತ್ತದೆ. ಹಾಗಾಗಿ ಸಲ್ಲಬೇಕಾದದ್ದು ೩,೯೭,೮೦೭ ರೂಪಾಯಿ. ಅದೇ ಕೆಲಸಗಾರ ತೀರಿಕೊಂಡಿದ್ದರೆ ಸಂಬಳದ ಅರ್ಧವನ್ನು ಗುಣಿಸಬೇಕು. ಮನೆಯವರಿಗೆ ಸಲ್ಲುವುದು ೧೧,೦೫,೦೨೦ ರೂಪಾಯಿ.

ಇಲ್ಲಿಯೇ ಬರವಣಿಗೆಯ ಬೆಲೆ ಕಾಣುವುದು. ವಯಸ್ಸಿಗೆ ದಾಖಲೆಯಿಲ್ಲದೆ, ನೋಡಿದರೆ ನಲವತ್ತೈದಿರಬಹುದು ಎಂದು ಯಾರೋ ಬರೆದರೆನ್ನಿ. ಆಗ ಗುಣಕ ೧೬೯.೪೪ಕ್ಕೆ ಇಳಿಯುತ್ತದೆ, ಪರಿಹಾರ ೩,೬೫,೯೯೦ ಆಗುತ್ತದೆ. ಒಂದು ಅಂಕಿಯ ಊಹೆಗೆ ಮೂವತ್ತೊಂದು ಸಾವಿರದ ಮೇಲೆ ನಷ್ಟ. ಕೈಗೆ ಕೊಡುವುದು ಹನ್ನೆರಡು ಸಾವಿರ, ಪುಸ್ತಕದಲ್ಲಿ ಬರೆಯುವುದು ಎಂಟು ಸಾವಿರ ಎಂಬ ಪದ್ಧತಿಯಿದ್ದರೆ ಪರಿಹಾರ ೨,೬೫,೨೦೫ ರೂಪಾಯಿಗೆ ಇಳಿಯುತ್ತದೆ. ಒಂದು ಲಕ್ಷ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಹಣ ಆ ಮನೆಯ ಅಕ್ಕಿಯಿಂದ, ಮಕ್ಕಳ ಓದಿನಿಂದ ಹೋದಂತೆ. ಹೆಬ್ಬೆರಳು ಕಳೆದುಕೊಂಡವನು ಮೊದಲಿನ ಕೆಲಸಕ್ಕೆ ಮರಳಲಾರ. ಮರಳಿದರೂ ಮೊದಲಿನ ಕೂಲಿ ದೊರೆಯದು. ಆದ್ದರಿಂದ ಅಂಕಿಯೊಂದನ್ನು ಅಸಡ್ಡೆಯಿಂದ ಬರೆದರೆ ಅದು ಎರಡನೆಯ ಗಾಯ.

ಹಾಗಾದರೆ ಒಳ್ಳೆಯ ತಂತ್ರಾಂಶದಲ್ಲಿ ಏನೇನಿರಬೇಕು? ಒಂದೊಂದಾಗಿ ನೋಡೋಣ.

ಮೊದಲನೆಯದು, ಅಪಘಾತವಾದ ದಿನವೇ ಬರೆಯುವ ಅನುಕೂಲ. ನಮ್ಮಲ್ಲಿ ಮಳೆಗಾಲದಲ್ಲಿ ವಿದ್ಯುತ್ತು ಹೋಗುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಮೊಬೈಲಿನ ಸಂಪರ್ಕ ಸಿಗುವುದಿಲ್ಲ. ಸಂಪರ್ಕವಿದ್ದರೆ ಮಾತ್ರ ಕೆಲಸ ಮಾಡುವ ತಂತ್ರಾಂಶ ಇಲ್ಲಿ ನಿರುಪಯೋಗಿ. ಮೊಬೈಲಿನಲ್ಲೇ ಬರೆದಿಟ್ಟು, ಸಂಪರ್ಕ ಬಂದೊಡನೆ ತಾನೇ ಕಳುಹಿಸಿಕೊಳ್ಳುವಂತಿರಬೇಕು. ಬರೆದ ಗಳಿಗೆ ಯಾವುದು, ಕಳುಹಿಸಿದ ಗಳಿಗೆ ಯಾವುದು ಎಂಬ ಎರಡೂ ಅದರಲ್ಲಿ ಉಳಿಯಬೇಕು. ಆ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳೂ ಕೆಲವೇ ಇರಬೇಕು: ಯಾರು, ಎಲ್ಲಿ, ಯಾವ ಯಂತ್ರ, ಯಾವ ಅಂಗ, ನೋಡಿದವರು ಯಾರು, ಯಾವ ಆಸ್ಪತ್ರೆಗೆ ಒಯ್ದರು. ರಕ್ತ ಸೋರುತ್ತಿರುವಾಗ ನಲವತ್ತು ಪ್ರಶ್ನೆ ಕೇಳುವ ಯಂತ್ರಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಎರಡನೆಯದು, ಭಾಷೆ. ಗಾಯಗೊಂಡವನು ತನ್ನ ಮೇಲೆ ಏನು ಬರೆದಿದೆ ಎಂಬುದನ್ನು ತಾನೇ ಓದಿಕೊಳ್ಳಬೇಕು. ಓದು ಬಾರದಿದ್ದರೆ ಯಂತ್ರವೇ ಕನ್ನಡದಲ್ಲಿ ಓದಿ ಹೇಳಬೇಕು. ಅದರ ಒಂದು ಪ್ರತಿ ಅವನ ಕೈಗೂ ಸೇರಬೇಕು. ೧೯೨೩ರ ಕಾಯಿದೆಯಲ್ಲಿ ನೋಟೀಸು ಪುಸ್ತಕವೆಂಬ ಏರ್ಪಾಡಿತ್ತು. ಅಪಘಾತದ ಸುದ್ದಿಯನ್ನು ಕೆಲಸಗಾರನೇ ಅಥವಾ ಅವನ ಪರವಾಗಿ ಮತ್ತೊಬ್ಬರು ಬರೆಯಬಹುದಾದ ಪುಸ್ತಕ ಅದು. ತಂತ್ರಾಂಶವೂ ಹಾಗೆಯೇ ಎರಡೂ ಕಡೆಯವರ ಪುಸ್ತಕವಾಗಿರಬೇಕು. ಕೀಲಿ ಮಾಲೀಕನ ಬಳಿ ಮಾತ್ರ ಇದ್ದರೆ ಅದು ಮಾಲೀಕನ ದಿನಚರಿಯಾಗುತ್ತದೆಯೇ ಹೊರತು ಅಪಘಾತದ ದಾಖಲೆಯಾಗುವುದಿಲ್ಲ. ಹೆಸರಿನ ತೊಡಕೂ ಇಲ್ಲಿ ಉಂಟು. ಒಬ್ಬನೇ ಮನುಷ್ಯ ಪಡಿತರ ಚೀಟಿಯಲ್ಲಿ ಹನುಮಂತಪ್ಪ, ಬ್ಯಾಂಕಿನಲ್ಲಿ ಹನಮಪ್ಪ, ಆಸ್ಪತ್ರೆಯ ಚೀಟಿಯಲ್ಲಿ ಹನುಮಂತ ಆಗಿರುವುದು ನಮ್ಮಲ್ಲಿ ಸಾಮಾನ್ಯ. ಈ ಮೂರೂ ಒಬ್ಬನೇ ಎಂದು ಕೂಡಿಸಿ ಬರೆಯಲು ತಂತ್ರಾಂಶದಲ್ಲಿ ಜಾಗವಿರಬೇಕು. ಇಲ್ಲದಿದ್ದರೆ ಹಣ ಬಂದರೂ ಕೈಗೆ ಸೇರದು.

ಮೂರನೆಯದು, ಅಳಿಸಲಾಗದ ಗುಣ. ತಪ್ಪನ್ನು ತಿದ್ದಬಾರದೆಂದಲ್ಲ. ಹಳೆಯ ಕಾಲದ ಕರಣಿಕರು ಲೆಕ್ಕದ ಪುಸ್ತಕದಲ್ಲಿ ತಪ್ಪಿಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕುತ್ತಿದ್ದರು. ತಂತ್ರಾಂಶವೂ ಹಾಗೆಯೇ ನಡೆಯಬೇಕು. ಮೊದಲು ಬರೆದದ್ದು ಹಾಗೆಯೇ ಉಳಿಯಬೇಕು; ತಿದ್ದಿದ್ದು ಯಾರು, ಯಾವಾಗ, ಏಕೆ ಎಂಬುದು ಕೆಳಗೆ ಸೇರಬೇಕು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಗಣಕದ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ದಾಖಲೆಯ ‘ಹ್ಯಾಷ್’ ಎಂಬ ಗುರುತನ್ನೂ ಬರೆಯಬೇಕು. ಹ್ಯಾಷ್ ಎಂದರೆ ಇಡೀ ಬರವಣಿಗೆಯಿಂದ ಲೆಕ್ಕಹಾಕಿ ತೆಗೆದ ಒಂದು ಸಂಖ್ಯೆ. ಬರವಣಿಗೆಯಲ್ಲಿ ಒಂದು ಕೊಂಬು, ಒಂದು ಒತ್ತು ಬದಲಾದರೂ ಆ ಸಂಖ್ಯೆ ಬೇರೆಯಾಗಿಬಿಡುತ್ತದೆ. ಕಲ್ಲಿನ ಶಾಪವಾಕ್ಯ ಮಾಡುತ್ತಿದ್ದ ಕಾವಲನ್ನು ಈಗ ಈ ಸಂಖ್ಯೆ ಮಾಡುತ್ತದೆ.

ನಾಲ್ಕನೆಯದು, ದಿನಗಳ ಎಣಿಕೆ. ಪರಿಹಾರ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡಬೇಕು. ಕೊಡದಿದ್ದರೆ ೧೯೨೩ರ ಕಾಯಿದೆಯಲ್ಲಿ ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿ ಬೀಳುತ್ತಿತ್ತು. ತಕ್ಕ ಕಾರಣವಿಲ್ಲದೆ ತಡಮಾಡಿದರೆ ಮೊತ್ತದ ಅರ್ಧದವರೆಗೆ ದಂಡವೂ ಇತ್ತು. ಹೊಸ ಸಂಹಿತೆಯೂ ಬಡ್ಡಿ, ದಂಡಗಳನ್ನು ಉಳಿಸಿಕೊಂಡಿದೆ. ಅರ್ಜಿ ಹಾಕಲು ಕೆಲಸಗಾರನಿಗೂ ಕಾಲಮಿತಿ ಇದೆ. ಕೆಲವು ವಾರ ಮಾತ್ರ ಕೆಲಸ ತಪ್ಪಿದರೂ ಹದಿನೈದು ದಿನಕ್ಕೊಮ್ಮೆ ಸಂಬಳದ ಕಾಲುಭಾಗದ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ಕೆಲಸ ತಪ್ಪಿದ್ದು ಇಪ್ಪತ್ತೆಂಟು ದಿನಕ್ಕೆ ಕಡಿಮೆಯಾದರೆ ಮೊದಲ ಮೂರು ದಿನಗಳನ್ನು ಬಿಡಬೇಕು. ಅದಕ್ಕೆ ಮುಟ್ಟಿದರೆ ಮೊದಲ ದಿನದಿಂದಲೇ ಎಣಿಸಬೇಕು. ಇಂಥ ಎಣಿಕೆಯಲ್ಲಿ ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ. ಗಡುವು ಹತ್ತಿರವಾದಾಗ ಮಾಲೀಕನಿಗೂ ಕೆಲಸಗಾರನಿಗೂ ಒಟ್ಟಿಗೆ ನೆನಪು ಕೊಡುವುದು ಅದರ ಕರ್ತವ್ಯ.

ಐದನೆಯದು, ಆಯಾ ಕಾಲದ ಕಾಯಿದೆ. ಲೆಕ್ಕಕ್ಕೆ ಹಿಡಿಯಬಹುದಾದ ತಿಂಗಳ ಸಂಬಳಕ್ಕೆ ಸರ್ಕಾರ ಒಂದು ಮೇಲ್ಮಿತಿ ಇಡುತ್ತದೆ. ೨೦೧೦ರಲ್ಲಿ ಅದು ೮,೦೦೦ ರೂಪಾಯಿ ಇತ್ತು. ೨೦೨೦ರ ಜನವರಿಯಲ್ಲಿ ೧೫,೦೦೦ಕ್ಕೆ ಏರಿತು. ಅಪಘಾತ ನಡೆದ ದಿನವೇ ಹೊಣೆ ಹುಟ್ಟುತ್ತದೆಂದು ಸರ್ವೋಚ್ಚ ನ್ಯಾಯಾಲಯ ೧೯೭೫ರಲ್ಲಿಯೇ ಹೇಳಿದೆ. ಆದ್ದರಿಂದ ತಂತ್ರಾಂಶವು ಇಂದಿನ ದರವನ್ನು ಬರೆದು ಹಳೆಯದನ್ನು ಅಳಿಸುವಂತಿಲ್ಲ. ಯಾವ ದರ ಎಂದಿನಿಂದ ಎಂದಿನವರೆಗೆ ಎಂಬ ಪಟ್ಟಿಯನ್ನೇ ಇಟ್ಟುಕೊಂಡು, ಅಪಘಾತದ ದಿನಕ್ಕೆ ಹೊಂದುವುದನ್ನು ಆರಿಸಿಕೊಳ್ಳಬೇಕು. ಕೆಲಸಗಾರ ನೌಕರರ ರಾಜ್ಯ ವಿಮಾ ಯೋಜನೆಗೆ ಸೇರಿದವನೇ ಎಂಬ ಪ್ರಶ್ನೆಯೂ ಮೊದಲೇ ಬರಬೇಕು. ಸೇರಿದ್ದರೆ ಅವನ ಹಕ್ಕು ವಿಮಾ ನಿಗಮದಿಂದ, ಇಲ್ಲದಿದ್ದರೆ ಮಾಲೀಕನಿಂದ. ದಾರಿ ತಪ್ಪಿದರೆ ತಿಂಗಳುಗಳೇ ಹಾಳಾಗುತ್ತವೆ.

ಆರನೆಯದು, ತೀರ್ಪಿನ ಮಾತು. ಮೇಲೆ ಹೇಳಿದ ೧೯೭೫ರ ಮೊಕದ್ದಮೆಯಲ್ಲಿ ಗಾಯಗೊಂಡವನು ಒಬ್ಬ ಬಡಗಿ. ಒಡಿಶಾದ ಜೈಪುರ ಎಂಬ ಊರಿನ ಸಿನಿಮಾ ಮಂದಿರದಲ್ಲಿ ಕೆಲಸ ಮಾಡುತ್ತಿದ್ದಾಗ ಬಿದ್ದು, ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಅನುಸೂಚಿಯ ಲೆಕ್ಕದಲ್ಲಿ ಒಂದು ಕೈ ಹೋದರೆ ಶಕ್ತಿಯ ಒಂದು ಭಾಗ ಮಾತ್ರ ಹೋದಂತೆ. ನ್ಯಾಯಾಲಯ ಹಾಗೆ ಎಣಿಸಲಿಲ್ಲ. ಬಡಗಿ ಒಂದೇ ಕೈಯಿಂದ ಬಡಗಿಯ ಕೆಲಸ ಮಾಡಲಾರ. ಆದ್ದರಿಂದ ಅವನ ದುಡಿಮೆ ಪೂರ್ತಿಯಾಗಿ ಹೋಯಿತೆಂದೇ ಹಿಡಿಯಿತು. ಅಡಕೆ ಮರ ಹತ್ತುವವನ ಒಂದು ಪಾದ ಸೊಟ್ಟಗಾದರೆ, ಲೆಕ್ಕ ಬರೆಯುವವನಿಗೆ ಆದಷ್ಟೇ ನಷ್ಟ ಎಂದು ನೀವು ಹೇಳಬಲ್ಲಿರಾ? ಆದ್ದರಿಂದ ತಂತ್ರಾಂಶದಲ್ಲಿ ಅಂಗದ ಹೆಸರಿನ ಪಕ್ಕದಲ್ಲಿ ಕಸುಬಿನ ಹೆಸರಿಗೂ ಜಾಗವಿರಬೇಕು. ಯಂತ್ರ ಲೆಕ್ಕವನ್ನು ಸೂಚಿಸಲಿ. ಇತ್ಯರ್ಥ ಮಾಡುವುದು ವೈದ್ಯರಿಗೂ ಅಧಿಕಾರಿಗೂ ಉಳಿಯಲಿ.

ಏಳನೆಯದು, ನಿಧಾನವಾಗಿ ಕಾಣುವ ಪೆಟ್ಟು. ೧೯೫೭ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನರಿಗೆ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸದೊಂದು ವೈರಸ್ಸನ್ನು ಗುರುತಿಸಿದರು. ಆ ಊರಿನ ಹೆಸರೇ ರೋಗಕ್ಕೆ ಬಂದು, ಲೋಕದ ವೈದ್ಯಗ್ರಂಥಗಳನ್ನು ಸೇರಿತು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಅದು ಉಣ್ಣೆಯ ಕಡಿತದಿಂದ ಬರುವ ರೋಗ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಯಂತ್ರಕ್ಕೆ ಸಿಕ್ಕ ಬೆರಳಿಗಾದರೆ ದಿನ, ಗಳಿಗೆ ಇದೆ. ಈ ಜ್ವರಕ್ಕೆ ಅದು ಎಲ್ಲಿ? ಸೋಂಕಿನ ವಿಶೇಷ ಅಪಾಯವಿರುವ ಕೆಲಸದಿಂದ ತಗುಲಿದ ರೋಗವನ್ನು ಕಾಯಿದೆಯ ಅನುಸೂಚಿಯು ಔದ್ಯೋಗಿಕ ರೋಗಗಳಲ್ಲಿ ಎಣಿಸಿದೆ. ಆದರೆ ಕೆಲಸದಿಂದಲೇ ತಗುಲಿತೆಂದು ತೋರಿಸಬೇಕಾದರೆ, ಕಳೆದ ವಾರ ಆ ಮನುಷ್ಯ ಯಾವ ಕಾಡಿನಲ್ಲಿ, ಯಾವ ಕೆಲಸದಲ್ಲಿದ್ದ ಎಂಬುದು ಬರವಣಿಗೆಯಲ್ಲಿರಬೇಕು. ಆದ್ದರಿಂದ ತಂತ್ರಾಂಶ ಅಪಘಾತದ ದಿನವನ್ನು ಮಾತ್ರ ಬರೆದರೆ ಸಾಲದು. ದಿನದಿನದ ಕೆಲಸದ ಜಾಗವನ್ನೂ ಬರೆದಿಡಬೇಕು.

ಎಂಟನೆಯದು ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ. ಬೆಲ್ಟು ಹರಿದು ಹಾರಿತು, ಯಾರಿಗೂ ತಗುಲಲಿಲ್ಲ. ಏಣಿ ಜಾರಿತು, ಮೇಲಿದ್ದವನು ಹೇಗೋ ಹಿಡಿದುಕೊಂಡ. ಇಂಥದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ. ನಾನು ಹಾಕಿಕೊಟ್ಟ ಕನ್ನಡ, ‘ತಪ್ಪಿದ ಗಂಡಾಂತರ’. ಅಮೆರಿಕದ ಹೈನ್‌ರಿಕ್ ಎಂಬಾತ ೧೯೩೧ರಲ್ಲಿ ಬರೆದ ಗ್ರಂಥದಲ್ಲಿ, ಒಂದು ದೊಡ್ಡ ಗಾಯದ ಹಿಂದೆ ಇಪ್ಪತ್ತೊಂಬತ್ತು ಸಣ್ಣ ಗಾಯಗಳೂ ಮುನ್ನೂರು ತಪ್ಪಿದ ಗಂಡಾಂತರಗಳೂ ಇರುತ್ತವೆ ಎಂದನು. ಆ ಅಂಕಿಗಳು ಎಲ್ಲ ಕಡೆಯೂ ಹಾಗೆಯೇ ಹೊಂದುವುದಿಲ್ಲವೆಂದು ಮುಂದಿನ ವಿದ್ವಾಂಸರು ಆಕ್ಷೇಪಿಸಿದ್ದಾರೆ. ತತ್ವ ಮಾತ್ರ ನಮ್ಮ ಅನುಭವಕ್ಕೆ ಬರುವಂಥದೇ: ಹಾವು ಕಚ್ಚುವ ಮೊದಲು ಅದರ ಪೊರೆ ಎಷ್ಟೋ ಸಲ ಕಣ್ಣಿಗೆ ಬಿದ್ದಿರುತ್ತದೆ. ತಪ್ಪಿದ ಗಂಡಾಂತರವನ್ನು ಬರೆದವನನ್ನು ಗದರದೆ, ಅದನ್ನು ಸರಿಪಡಿಸುವವರು ಯಾರು, ಎಂದಿಗೆ ಎಂದು ಕೇಳುವ ತಂತ್ರಾಂಶವೇ ಒಳ್ಳೆಯದು. ನಮ್ಮ ಗಿರಣಿಯಲ್ಲಿ ಇಷ್ಟು ದಿನದಿಂದ ಅಪಘಾತವಿಲ್ಲ ಎಂದು ಹಲಗೆ ಹಾಕಿ ಬಹುಮಾನ ಹಂಚುವುದರಲ್ಲಿ ಒಂದು ಅಪಾಯವಿದೆ. ಬಹುಮಾನದ ಆಸೆಗೆ ಗಾಯವನ್ನೇ ಮುಚ್ಚಿಡುತ್ತಾರೆ. ಎಷ್ಟು ಗಂಟೆಯ ದುಡಿಮೆಗೆ ಎಷ್ಟು ಗಾಯ, ಎಷ್ಟು ದಿನದ ಕೆಲಸ ನಷ್ಟ ಎಂದು ಲೆಕ್ಕ ಹಾಕುವ ಕ್ರಮವನ್ನು ಭಾರತೀಯ ಮಾನಕ ಸಂಸ್ಥೆಯು ಐಎಸ್ ೩೭೮೬ ಎಂಬ ಮಾನಕದಲ್ಲಿ ಕೊಟ್ಟಿದೆ. ಹತ್ತು ಲಕ್ಷ ಗಂಟೆಯ ದುಡಿಮೆಗೆ ಇಷ್ಟು ಎಂಬುದು ಆ ಅಳತೆ. ಇಂಥ ಅಳತೆಯಿದ್ದರೆ ಸಣ್ಣ ಗಿರಣಿ, ದೊಡ್ಡ ಕಾರ್ಖಾನೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು.

ಬರೆಯುವುದರಿಂದ ಗಾಯ ತಪ್ಪುತ್ತದೆಯೇ ಎಂದು ನೀವು ಕೇಳಬಹುದು. ಒಕ್ಕಣೆ ಯಂತ್ರದ ಉದಾಹರಣೆ ನೋಡಿ. ತೆನೆ ತಳ್ಳುವ ಬಾಯಲ್ಲಿ ಕೈ ಸಿಕ್ಕು ಉತ್ತರ ಭಾರತದಲ್ಲಿ ಅನೇಕರು ಅಂಗಹೀನರಾದರು. ಎಲ್ಲ ಗಾಯಗಳೂ ಒಂದೇ ಜಾಗದಲ್ಲಿ ಆಗುತ್ತಿವೆ ಎಂಬುದು ಕಂಡುಬಂದ ಮೇಲೆ ಆ ಬಾಯಿಯನ್ನೇ ಬದಲಿಸುವ ಯೋಚನೆ ಹುಟ್ಟಿತು. ಅದರ ಉದ್ದ ತೊಂಬತ್ತು ಸೆಂಟಿಮೀಟರಿಗೆ ಕಡಿಮೆಯಿರಬಾರದು, ಅದರಲ್ಲಿ ನಲವತ್ತೈದು ಸೆಂಟಿಮೀಟರಾದರೂ ಮೇಲೆ ಮುಚ್ಚಿರಬೇಕು ಎಂದು ಗೊತ್ತುಮಾಡಿದರು. ೧೯೮೩ರಲ್ಲಿ ಅಪಾಯಕಾರಿ ಯಂತ್ರಗಳ ಬಗ್ಗೆ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿತು. ಕೈ ಒಳಕ್ಕೆ ಮುಟ್ಟದಷ್ಟು ಉದ್ದದ ಒಂದು ತಗಡು. ಬೆಲೆ ಅಷ್ಟರಲ್ಲೇ ಇದೆ. ಎಲ್ಲಿ ಹಾಕಬೇಕೆಂದು ತೋರಿಸಿಕೊಟ್ಟದ್ದು ಗಾಯಗಳ ಲೆಕ್ಕ.

ಒಂಬತ್ತನೆಯದು, ಗುಟ್ಟು. ಒಬ್ಬನ ರೋಗ, ಒಬ್ಬಳ ಗಾಯ ಊರಿನವರೆಲ್ಲ ಓದುವ ವಿಷಯವಲ್ಲ. ಯಂತ್ರದ ದೋಷ ಎಲ್ಲರಿಗೂ ಕಾಣಲಿ; ವೈದ್ಯರ ಬರಹ ಬೇಕಾದವರಿಗೆ ಮಾತ್ರ ಕಾಣಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದು ೨೦೨೩ರಲ್ಲಿ ಕಾಯಿದೆಯೂ ಆಗಿದೆ. ಹಿಂದೊಮ್ಮೆ ಪರಿಹಾರ ಕೇಳಿದವನೆಂದು ಮುಂದಿನ ಧಣಿ ಕೆಲಸ ಕೊಡದಿರುವುದಕ್ಕೆ ಈ ತಂತ್ರಾಂಶ ಸಾಧನವಾಗಬಾರದು.

ಇಷ್ಟೆಲ್ಲ ಇರುವ ತಂತ್ರಾಂಶವನ್ನು ಐದಾರು ಜನ ದುಡಿಯುವ ಗಿರಣಿ ಕೊಳ್ಳಬಲ್ಲುದೇ? ಒಬ್ಬೊಬ್ಬರೇ ಕೊಳ್ಳುವುದು ಕಷ್ಟ. ಅಕ್ಕಿ ಗಿರಣಿಯವರೋ ಮರದ ಮಿಲ್ಲಿನವರೋ ಅಡಕೆ ಬೆಳೆಗಾರರೋ ತಮ್ಮತಮ್ಮ ಸಂಘದ ಮೂಲಕ ಒಂದನ್ನು ಇಟ್ಟುಕೊಂಡರೆ ಖರ್ಚು ಹಂಚಿಹೋಗುತ್ತದೆ. ಒಂದು ಗಿರಣಿಯ ತಪ್ಪಿದ ಗಂಡಾಂತರ ಇನ್ನೊಂದು ಗಿರಣಿಗೆ ಎಚ್ಚರಿಕೆಯೂ ಆಗುತ್ತದೆ. ಅದುವರೆಗೆ ಹೊಲಿದ ನೋಟುಪುಸ್ತಕ, ಪುಟಕ್ಕೆ ಅಚ್ಚಿನ ಸಂಖ್ಯೆ, ಮೇಲೆ ಹೇಳಿದ ಕಲಮುಗಳು, ಇಬ್ಬರ ರುಜು, ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ, ಇವು ಸಾಕು. ಪುಸ್ತಕದಲ್ಲಿ ಸುಳ್ಳು ಬರೆಯುವವನ ಕೈಗೆ ಗಣಕ ಕೊಟ್ಟರೆ ಸುಳ್ಳು ಬೇಗ ಬರೆಯುತ್ತಾನೆ, ಅಷ್ಟೆ.

ಇದೆಲ್ಲ ಗಿರಣಿಯ ಮಾತು, ನಮಗೇನು ಎನ್ನಬೇಡಿ. ರೇಡಿಯೋ ಕೇಳುತ್ತ ಜಗಲಿಯಲ್ಲಿ ಕುಳಿತ ನಮ್ಮಲ್ಲಿ ಅನೇಕರು ಒಂದಲ್ಲ ಒಂದು ಕೆಲಸಕ್ಕೆ ಧಣಿಗಳೇ. ಅಡಕೆ ಕೊನೆ ಇಳಿಸಲು ಆಳು ಕರೆಯುತ್ತೇವೆ, ಮನೆಯ ಹೆಂಚು ಕೈಯಾಡಿಸಲು ಕರೆಯುತ್ತೇವೆ, ಮರ ಕಡಿಸುತ್ತೇವೆ. ವಿದ್ಯುತ್ತಿನಿಂದ ನಡೆ­ಯುವ ಯಂತ್ರವಿದ್ದು ಸರಕು ತಯಾರಾಗುವ ಜಾಗ, ಟ್ರ್ಯಾಕ್ಟರಿನ ಬೇಸಾಯ, ಮರ ಕಡಿಯುವ ಕೆಲಸ, ಇವೆಲ್ಲ ಪರಿಹಾರದ ಅನುಸೂಚಿಯಲ್ಲಿ ಬಹಳ ಹಿಂದೆಯೇ ಸೇರಿವೆ. ಕರೆದವರು ಅವನಿಗೆ ಧಣಿಗಳೇ, ಇಲ್ಲವೆ ಅವನೇ ಗುತ್ತಿಗೆ ಹಿಡಿದವನೇ ಎಂಬ ವಾದ ಪ್ರತಿಸಲವೂ ಹುಟ್ಟುತ್ತದೆ. ಅದು ತೀರ್ಮಾನವಾಗುವುದೂ ಬರವಣಿಗೆಯಿಂದಲೇ. ಹತ್ತು ಜನ ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಪ್ರತಿಯೊಬ್ಬರಿಗೂ ನೇಮಕದ ಪತ್ರ ಕೊಡಬೇಕೆಂದು ಹೊಸ ಸಂಹಿತೆ ವಿಧಿಸಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ಸಂಬಂಧ ತೋರಿಸಿದರೆ, ಕೆಲಸದ ಅಪಘಾತವೇ ಆಗುತ್ತದೆ.

ಕೊನೆಯದಾಗಿ ಎರಡು ಮಾತು ನೆನಪಿಡಿ. ಅಪಘಾತದಲ್ಲಿ ಸತ್ತವನ ಮನೆಗೆ ಹೋಗಿ ಐವತ್ತು ಸಾವಿರ ಕೊಟ್ಟು, ಇನ್ನು ನಮಗೂ ಇವರಿಗೂ ಲೆಕ್ಕ ತೀರಿತು ಎಂದು ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ರೂಢಿ ಕೆಲವೆಡೆ ಉಂಟು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಇಂಥ ಕರಾರಿಗೆ ಕಾಯಿದೆಯಲ್ಲಿ ಬೆಲೆಯಿಲ್ಲ. ಸಾವಿನ ಪರಿಹಾರದ ಹಣವನ್ನು ಸರ್ಕಾರ ನೇಮಿಸಿದ ಅಧಿಕಾರಿಯಲ್ಲಿಯೇ ಕಟ್ಟಬೇಕು. ಅವಲಂಬಿತರಿಗೆ ಹಂಚುವುದು ಅವರ ಕೆಲಸ. ನಿಮ್ಮ ನೆರೆಹೊರೆಯಲ್ಲಿ ಇಂಥ ಸಂಕಟ ಬಂದರೆ ಆ ಮನೆಯ ಹೆಣ್ಣುಮಗಳಿಗೆ ಈ ಎರಡು ಸಂಗತಿ ತಿಳಿಸಿ. ತಿಥಿ, ಗಳಿಗೆ, ಸಾಕ್ಷಿಯ ಹೆಸರು, ಆಸ್ಪತ್ರೆಯ ಚೀಟಿ ಇವನ್ನು ಅಂದೇ ಬರೆದಿಡಲು ಶಾಲೆಗೆ ಹೋಗುವ ನಿಮ್ಮ ಮಗನೋ ಮಗಳೋ ಅರ್ಧ ಗಂಟೆ ಕುಳಿತರೆ ಸಾಕು. ಕಾಗುಣಿತ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇರಲಾರದು.